ಪಾತರಗಿತ್ತಿಯ ಉಪವಾಸ

ಸೊಲ್ಲಾಪುರದ ಬಾಳಿವೇಸ ಗಲ್ಲಿಯ ಚಾದರ ವ್ಯಾಪಾರಿ ಸಾತಲಿಂಗಪ್ಪನ ಮೀನು ನಾಲ್ಕು ದಿನದಿಂದ ಊಟ ಬಿಟ್ಟಿತ್ತು. ಐದನೆಯ ದಿನ ಬೆಳಗ್ಗೆ ಸಾತಲಿಂಗಪ್ಪನೂ ಬಿಟ್ಟ.

ಅದು ಅಂತಿಂಥ ಮೀನಲ್ಲ. ಅರಿಸಿನ ಬಣ್ಣ, ಕಣ್ಣಿಗೆ ಕಾಡಿಗೆಯ ಗೆರೆ, ತಿರುಗಿದರೆ ಪಾತರಗಿತ್ತಿ ರೆಕ್ಕೆ ಮಡಿಚಿದಂತೆ; ಅದಕ್ಕೇ ಅವನು ಅದನ್ನು ಪಾತರಗಿತ್ತಿ ಎನ್ನುತ್ತಿದ್ದ. ಇಂಥದು ಬಲೆಗೆ ಬೀಳುವುದೇ ಅಪರೂಪ ಎಂದು ಮಾರಿದವನು ಹೇಳಿದ್ದ. ಅದರ ಸಲುವಾಗಿ ಮುಂಬೈ ಗಾಡಿಯಲ್ಲಿ ಕ್ಯಾನುಗಟ್ಟಲೆ ಸಮುದ್ರದ ನೀರು ಬರುತ್ತಿತ್ತು. ಹತ್ತು ಸಲ ಮುಂಬೈಗೆ ಹೋಗಿಯೂ ಬಟ್ಟೆಯ ಮಾರ್ಕೆಟ್ ಬಿಟ್ಟು ಆಚೆ ಕಾಲಿಡದ ಸಾತಲಿಂಗಪ್ಪ, ಸಮುದ್ರ ನೋಡಿದ್ದು ತನ್ನ ಪಡಸಾಲೆಯ ಗಾಜಿನ ಪೆಟ್ಟಿಗೆಯಲ್ಲೇ. ಅದರ ಮುಂದೆ ಕೂತರೆ ಅಂಗಡಿ, ಗಿರಾಕಿ, ಗಲ್ಲಿಯ ಗದ್ದಲ ಎಲ್ಲ ತಳಕ್ಕಿಳಿದು, ತಾನೊಬ್ಬನೇ ತೇಲುತ್ತಿದ್ದೇನೆ ಅನ್ನಿಸುತ್ತಿತ್ತು. ಅವನಿಗೆ ಆ ಮೀನಿನ ಮೇಲೆ ಜೀವವಿತ್ತು, ಅಷ್ಟೇ.

ಅಂಗಡಿಯಿಂದ ಮುಂಬೈಗೆ, ಮೀನು ಮಾರಿದವನಿಗೆ ಟ್ರಂಕ್ ಕಾಲ್ ಮಾಡಿದ. "ಸಿಗಡಿ ಹೆಚ್ಚಿ ಹಾಕಿ, ಇಲ್ಲದಿದ್ದರೆ ಉಳಿಯುವುದಿಲ್ಲ" ಎಂದು ಉತ್ತರ ಬಂತು.

ಲಿಂಗವಂತರ ಮನೆ. ಸಿಗಡಿ ಎಂಬ ಮಾತೂ ಆ ಹೊಸಿಲು ದಾಟಿರಲಿಲ್ಲ. ಸೊಲ್ಲಾಪುರದ ಮೀನಿನ ಬಜಾರಿಗೆ ಹೋದರೆ ಅವನು ಮನೆ ಮುಟ್ಟುವುದರೊಳಗೆ ಸುದ್ದಿ ಮುಟ್ಟುತ್ತದೆ. ಅಕ್ಕಲಕೋಟೆಯಲ್ಲಿ ತನ್ನನ್ನು ಯಾರು ಬಲ್ಲರು?

"ಅವ್ವಾ, ಅಕ್ಕಲಕೋಟಿ ಸ್ವಾಮಿ ದರ್ಶನಕ್ಕ ಹೋಗಿ ಬರ್ತೀನಿ."

ತಾಯಿ ಉಮಾಬಾಯಿಗೆ ಮಗನಿಗೆ ಬುದ್ಧಿ ಬಂತೆಂದು ಕಣ್ಣು ತುಂಬಿತು. ಸ್ಟೀಲ್ ಡಬ್ಬಿ ತೊಳೆದು ಕೈಗಿಟ್ಟಳು. "ಪ್ರಸಾದ ತಗೊಂಡು ಬಾ, ತಮ್ಮಾ." ಎದುರು ಕಟ್ಟೆಯ ಮೇಲಿದ್ದ ನೂಲಿನ ವ್ಯಾಪಾರಿ ಗೊಲ್ಲಾಳಪ್ಪ, "ನಮಗೂ ಒಂದೀಟ ಇರ್ಲಿರಿ ಸಾವಕಾರ್ರ" ಎಂದ.

ಸುಳ್ಳು ಪೂರಾ ಸುಳ್ಳಾಗಬಾರದೆಂದು ಸಾತಲಿಂಗಪ್ಪ ಮೊದಲು ದರ್ಶನ ಮಾಡಿದ. ಮೀನನ್ನು ಉಳಿಸಪ್ಪಾ ಎಂದು ಮನಸಾರೆ ಬೇಡಿಕೊಂಡ. ಬೆಳಗಿನಿಂದ ಹೊಟ್ಟೆಗೆ ಏನೂ ಇರಲಿಲ್ಲವಾಗಿ, ಮೆಟ್ಟಿಲ ಮೇಲೆ ಕೂತು ಡಬ್ಬಿಯ ಪ್ರಸಾದವನ್ನೆಲ್ಲ ಒಬ್ಬನೇ ಮುಗಿಸಿದ. ಆಮೇಲೆ ಖಾಲಿ ಡಬ್ಬಿ ಹಿಡಿದು, ಟೋಪಿ ಹುಬ್ಬಿನ ಮೇಲೆಳೆದು, ಬಜಾರಿನ ಮೂಲೆಗೆ ಸರಿದ.

"ಝಿಂಗಾ ರಸ್ಸಾಕ್ಕೇನ್ರಿ, ಹುರಿಯಾಕೇನ್ರಿ?" ಎಂದು ಕೇಳಿದಳು ಸಿಗಡಿ ಮಾರುವ ನೀಲಾಬಾಯಿ.

"ನನಗಲ್ಲಬೇ. ಮನ್ಯಾಗ ಒಬ್ಬರು ನಾಕ ದಿನದಿಂದ ಉಪವಾಸ ಅದಾರ, ಅವರಿಗೆ."

"ಝಿಂಗಾ ತಿಂದು ಉಪವಾಸ ಬಿಡೋವ್ರನ್ನ ಇವತ್ತ ಕೇಳಿದೆ ನೋಡ್ರಿ" ಎಂದು ಆಕೆ ಡಬ್ಬಿ ತುಂಬಿಕೊಟ್ಟಳು.

ಎಸ್ಟಿ ಬಸ್ಸು ಹೊರಡುವ ಮೊದಲೇ ಸಾತಲಿಂಗಪ್ಪನಿಗೆ ಜೊಂಪು ಹತ್ತಿತು. ಕನಸಿನಲ್ಲಿ ಜೋಳದ ಹೊಲಗಳೆಲ್ಲ ನೀರೊಳಗಿನ ಹುಲ್ಲಾಗಿ ತೂಗಿದವು. ಬಸ್ಸು ಸದ್ದಿಲ್ಲದೆ ಈಜಿತು. ಕಿಟಕಿಯಲ್ಲಿ ಅರಿಸಿನ ಬಣ್ಣದ ಮೀನು ಬಂದು, ಬಾಯಿ ತೆರೆದು, "ಅಳಿಯಂದಿರ, ಏಳ್ರಿ" ಎಂದಿತು.

ಕಣ್ಣು ಬಿಟ್ಟರೆ ಪಕ್ಕದಲ್ಲಿ ಹೆಂಡತಿಯ ತಾಯಿ, ಮೈಂದರ್ಗಿಯ ಗಂಗುಬಾಯಿ. ಮಡಿಲಲ್ಲಿ ಅವನ ಡಬ್ಬಿ.

"ಮಗಳನ್ನ ನೋಡಾಕ ಹೊಂಟೀನ್ರಿ. ಡಬ್ಬಿ ಬೀಳಾಕತ್ತಿತ್ತು, ಹಿಡಕೊಂಡೀನಿ. ಸ್ವಾಮಿ ಪ್ರಸಾದ ಹೌದಲ್ರಿ?"

"ಹೂಂ" ಎಂದುಬಿಟ್ಟ ಸಾತಲಿಂಗಪ್ಪ.

ಆಕೆ ಡಬ್ಬಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಎರಡು ಮೈಲಿ ಹೋಗುವುದರಲ್ಲಿ ಮೂಗು ಮುಚ್ಚಿದಳು. "ಕಂಡಕ್ಟರಪ್ಪಾ, ಯಾರೋ ಮೀನ ತಂದಾರ ನೋಡು. ಪ್ರಸಾದ ಹಿಡಕೊಂಡು ಕುಂತೀವಿ, ಮೈಲಗಿ ಆಗ್ತದ." ಕಂಡಕ್ಟರ್ ಪ್ರತಿಯೊಬ್ಬರ ಚೀಲವನ್ನೂ ಮೂಸಿ ನೋಡಿದ. ಪ್ರಸಾದದ ಡಬ್ಬಿಗೆ ಮಾತ್ರ ಕೈಮುಗಿದು ಮುಂದೆ ಹೋದ. ಸಾತಲಿಂಗಪ್ಪ ಹೊರಗೆ ನೋಡುತ್ತ ಬೆವರಿದ.

ಮನೆಯಲ್ಲಿ ಡಬ್ಬಿ ಕಸಿದುಕೊಳ್ಳಲು ಹೋದ. "ನೀವು ಕಾಲ ತೊಳಕೋರಿ" ಎಂದು ಗಂಗುಬಾಯಿ ಅದನ್ನು ನೇರ ಪಡಸಾಲೆಯ ಮಣೆಯ ಮೇಲಿಟ್ಟಳು. ಗಲ್ಲಿಯ ಮಂದಿ ಪ್ರಸಾದಕ್ಕೆಂದು ಆಗಲೇ ನೆರೆದಿದ್ದರು. ಗೊಲ್ಲಾಳಪ್ಪ ಎಲ್ಲರಿಗಿಂತ ಮುಂದೆ ಅಂಗೈ ಚಾಚಿ ನಿಂತಿದ್ದ. ಮುಚ್ಚಳ ತೆರೆಯಿತು. ಮೀಸೆ ಹೊತ್ತ ಸಿಗಡಿಗಳು ಎಲ್ಲರನ್ನೂ ನೋಡಿದವು.

ಸಾತಲಿಂಗಪ್ಪ ತಾಯಿಯ ಕಾಲು ಹಿಡಿದ.

"ತಪ್ಪಾತವ್ವಾ. ಇದು ನನಗಲ್ಲ, ಮೀನಿಗೆ. ನಾಕ ದಿನ ಆತು, ನಾ ಹಾಕಿದ ಪುಡಿ ಒಂದ ಚಿಟಿಕಿನೂ ಮುಟ್ಟಿಲ್ಲ. ಸಾಯ್ತದ ಅಂತ ಅಂಜಿ ಹೋಗಿದ್ದೆ."

"ಯಾಕ ಸಾಯ್ತದ?" ಎಂದಳು ಉಮಾಬಾಯಿ. "ನಾಕೈದ ದಿನದಿಂದ ನೀ ಅಂಗಡಿಗೆ ಹೋದ ಮ್ಯಾಲ ನಾನೇ ಪಾಲಕ ಕುದಿಸಿ ಹಾಕ್ತೀನಿ. ಹೊಟ್ಟಿ ತುಂಬಿದ ಮ್ಯಾಲ ನಿನ್ನ ಆ ಮುಂಬೈ ಪುಡಿ ಯಾಕ ತಿಂದೀತು? ನೀರಾಗ ಕೈ ಹಾಕಬ್ಯಾಡ ಅಂದಿದ್ದಿ, ಅದಕ್ಕ ಹೇಳಲಿಲ್ಲ."

ಒಳಗಿಂದ ಬೆಂದ ಎಲೆಯೊಂದನ್ನು ತಂದು ನೀರಿಗೆ ಹಿಡಿದಳು. ಪಾತರಗಿತ್ತಿ ತೇಲಿ ಬಂದು, ಆಕೆಯ ಬೆರಳಿಗೆ ಮೂತಿ ತಾಗಿಸಿ, ಮೆಲ್ಲಗೆ ಹರಿದು ತಿಂದಿತು. ಸಾತಲಿಂಗಪ್ಪ ಸಂತೋಷದಿಂದ ಗಾಜಿಗೆ ಹಣೆ ಹಚ್ಚಿ ನೋಡಿದ. ಅದು ಬದುಕಿತ್ತು. ಒಂದು ಗಳಿಗೆ ಅವನಿಗೆ ಪಡಸಾಲೆಯೂ ಮಂದಿಯೂ ಕಾಣಲಿಲ್ಲ.

ಗೊಲ್ಲಾಳಪ್ಪ ಗಂಟಲು ಸರಿಮಾಡಿಕೊಂಡ. "ಮೀನು ಪಾಲಕ ತಿಂತದ ಅಂದ್ರ, ಈ ಝಿಂಗಾ ಯಾರಿಗ್ರಿ ಸಾವಕಾರ್ರ?"

ಎಲ್ಲರ ಕಣ್ಣೂ ಗಾಜಿನ ಪೆಟ್ಟಿಗೆ ಬಿಟ್ಟು ಅವನತ್ತ ತಿರುಗಿದವು. ಗಂಗುಬಾಯಿ ಮಗಳ ಕೈಹಿಡಿದು ಅಳುತ್ತ ಕೂತಳು. ಅವನು ಆಣೆ ಮಾಡಿದಷ್ಟೂ ಮಂದಿ ನಂಬದೆ ತಲೆಯಾಡಿಸಿದರು.

ಆ ಸಂಜೆಯೇ ಗಾಜಿನ ಪೆಟ್ಟಿಗೆಯನ್ನು ದೇವರ ಕೋಣೆಯ ಬಾಗಿಲ ಪಕ್ಕಕ್ಕೆ ಒಯ್ದರು. ಎಲೆ ತಿನ್ನುವ ಮೀನನ್ನು ನೋಡಲು ಗಲ್ಲಿಯ ಹೆಂಗಸರು ಸಾಲುಗಟ್ಟಿ ಒಳಗೆ ಹೋದರು. ಸಾತಲಿಂಗಪ್ಪನ ತಾಟು ಹೊರಗೆ ಕಟ್ಟೆಯ ಮೇಲೆ ಬಂತು. ಅದರಲ್ಲಿ ಎರಡು ರೊಟ್ಟಿ, ಮತ್ತು ಮೀನು ತಿಂದು ಉಳಿದ ಪಾಲಕ ಇತ್ತು.