ಎಂಟೂ ಚರಣ

ಎಪ್ಪತ್ತರ ದಶಕದ ನಡುವೆ, ನಾನು ಬಿ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿದ್ದ ವರ್ಷ ನಡೆದದ್ದು ಇದು. ರಾಜಾಜಿನಗರದ ನಮ್ಮ ಮನೆಯಲ್ಲಿ ಅಜ್ಜಿ ಬಾಯಿ ತೆರೆದರೆ ಕ್ರೈಸ್ತ ಕೀರ್ತನೆ. ಕೀರ್ತನೆ ಶುರುವಾದರೆ ಏನಾದರೊಂದು ಆಗಿಯೇ ಆಗುತ್ತಿತ್ತು.

೧. ಅಳತೆ

ಅಜ್ಜಿ ಗಡಿಯಾರ ನೋಡಿ ಅಡುಗೆ ಮಾಡಿದವರಲ್ಲ. ಕುದಿಯುವ ನೀರಿಗೆ ಅಕ್ಕಿ ಹಾಕಿದ ಕೂಡಲೇ ಎಂಟು ಚರಣದ ಒಂದು ಕೀರ್ತನೆ ಎತ್ತಿಕೊಳ್ಳುತ್ತಿದ್ದರು. ಐದನೇ ಚರಣ ಮುಗಿದಾಗ ಅನ್ನ ಬಸಿಯುವುದು. ಉಳಿದ ಮೂರು, ಸಾರಿಗೆ.

ನನಗೆ ನಂಬಿಕೆ ಬರಲಿಲ್ಲ. ಒಂದು ವಾರ ಕೈಗಡಿಯಾರ ಹಿಡಿದು ಅಳೆದೆ. ಐದು ಚರಣಕ್ಕೆ ಹತ್ತು ನಿಮಿಷ. ವ್ಯತ್ಯಾಸ ನಾಲ್ಕು ಸೆಕೆಂಡ್ ದಾಟಲಿಲ್ಲ. ಅಜ್ಜಿಗೆ ಹೇಳಿದೆ.

"ಹಾಗಾದ್ರೆ ನಿನ್ನ ವಾಚು ಸರಿಯಾಗೇ ಇದೆ ಕಣೋ," ಅಂದರು.

೨. ಪಕ್ಕದ ಮನೆ

ಒಮ್ಮೆ ಗಂಟಲು ಕಟ್ಟಿ ಅಜ್ಜಿ ಎರಡು ದಿನ ಹಾಡಲಿಲ್ಲ. ಪಕ್ಕದ ಮನೆಯ ಆಂಟಿ ವಿಚಾರಿಸಲು ಬಂದರು. ದಾವಣಗೆರೆ ಕಡೆಯವರು, ಹಣೆಯಲ್ಲಿ ವಿಭೂತಿ. ಅವರ ಅಡುಗೆಮನೆ ಕಿಟಕಿಗೂ ನಮ್ಮದಕ್ಕೂ ನಡುವೆ ನಾಲ್ಕಡಿ.

"ಅಜ್ಜಿ ಹೆಂಗದಾರಪ್ಪ?"

"ಪರವಾಗಿಲ್ಲ ಆಂಟಿ. ನಾಳೆ ಹಾಡ್ತಾರೆ."

"ಹಾಡ್ಲಿ ಮಾರಾಯ. ಅವರು ಎತ್ತಿಕೊಂಡಾಗ್ಲೇ ನಾನೂ ಅಕ್ಕಿ ಹಾಕೋದು. ಎರಡು ದಿನದಿಂದ ನಮ್ಮನೇಲಿ ಅನ್ನ ಅಂಟು."

೩. ಬಿಳಿ ಸೀರೆ

ಆ ಡಿಸೆಂಬರಿನಲ್ಲಿ, ಅಜ್ಜಿ ಹಾಡುತ್ತಿದ್ದ ಚರ್ಚಿನ ಗಾಯನ ತಂಡಕ್ಕೆ, ಅಂದರೆ ಕ್ವಾಯರಿಗೆ, ಹೊಸ ಮಾಸ್ಟರ್ ಬಂದರು. ಅವರಿಗೆ ಅವಸರ. ಯಾವ ಕೀರ್ತನೆಯಾದರೂ ಮೊದಲನೆಯದು, ಎರಡನೆಯದು, ಕೊನೆಯದು; ನಡುವಿನ ಚರಣಗಳು ರದ್ದು. ಅಜ್ಜಿ ರದ್ದು ಮಾಡಲಿಲ್ಲ. ಕ್ವಾಯರ್ ಆಮೆನ್ ಅಂದಾಗ ಅವರು ಮೂರನೆಯದರಲ್ಲಿ ಇರುತ್ತಿದ್ದರು.

ಮಾಸ್ಟರ್ ಮನೆಗೇ ಬಂದರು. "ಮೂವತ್ತು ವರ್ಷ ಹಾಡಿದೀರಿ ಅಜ್ಜಿ. ಈ ಕ್ರಿಸ್ಮಸ್‌ಗೆ ಮುಂದಿನ ಬೆಂಚಲ್ಲಿ ಕೂತು ಆರಾಮಾಗಿ ಕೇಳಿ."

"ಕೇಳೋಕೆ ದೇವರಿದಾನೆ. ನಾನು ಬರೋದು ಹಾಡೋಕೆ."

ಮಾಸ್ಟರ್ ಒಪ್ಪಲಿಲ್ಲ. ಅವರು ಗೇಟು ದಾಟುವ ಮೊದಲೇ ಅಜ್ಜಿ ಕ್ವಾಯರಿನ ಬಿಳಿ ಸೀರೆಗೆ ಗಂಜಿ ಹಾಕಿದರು.

೪. ಕ್ರಿಸ್ಮಸ್

ಅಜ್ಜಿ ಬಿಳಿ ಸೀರೆ ಉಟ್ಟು ಮುಂದಿನ ಬೆಂಚಿನಲ್ಲಿ ಕೂತರು. ಪಕ್ಕದಲ್ಲಿ, ಹಬ್ಬಕ್ಕೆ ನಾವು ಕರೆದಿದ್ದ ಆಂಟಿ. ಕ್ವಾಯರಿಗೂ ಸಭೆಗೂ ಮಾಸ್ಟರ್ ಹಾಡಿನ ಹಾಳೆ ಹಂಚಿದ್ದರು. ಅಡುಗೆಮನೆಯ ಆ ಕೀರ್ತನೆಯೂ ಅದರಲ್ಲಿತ್ತು, ಮೂರೇ ಚರಣ: ಒಂದು, ಎರಡು, ಎಂಟು.

ಇದು ಪಾಸ್ಟರಿಗೆ ಗೊತ್ತಿರಲಿಲ್ಲ. "ಹಬ್ಬದ ದಿನ. ಎಂಟೂ ಚರಣ ಹಾಡೋಣ," ಅಂದರು. ಎಲ್ಲರೂ ಎದ್ದು ನಿಂತೆವು.

ಎರಡು ಚರಣ ಜೋರಾಗಿ ಆಯಿತು. ಮೂರನೆಯದಕ್ಕೆ ಕ್ವಾಯರ್ ಹಾಳೆ ತಿರುವಿತು. ಹಿಂದೆ ಖಾಲಿ. ಸಭೆಯೂ ತಿರುವಿತು. ಅಜ್ಜಿ ಮಾತ್ರ ನಿಲ್ಲಿಸಲಿಲ್ಲ. ನಾಲ್ಕನೆಯದರಲ್ಲಿ ಇನ್ನೊಂದು ದನಿ ಸೇರಿತು. ನೋಡಿದರೆ ಆಂಟಿ, ಹಾಳೆಯ ಕಡೆ ನೋಡುತ್ತಲೂ ಇಲ್ಲ.

ಐದನೇ ಚರಣ ಮುಗಿಯಿತು. ಆಂಟಿ "ಅಯ್ಯೋ, ಅನ್ನ!" ಅಂದು ಬೆಂಚು ಬಿಟ್ಟು ಹೊರಟೇಬಿಟ್ಟರು. ಅಜ್ಜಿ ಹಾಡು ನಿಲ್ಲಿಸದೆ ಅವರ ಸೆರಗು ಹಿಡಿದು ಎಳೆದು ನಿಲ್ಲಿಸಿಕೊಂಡರು. ಆರು, ಏಳು, ಎಂಟು.

ಆರಾಧನೆ ಮುಗಿದ ಮೇಲೆ ಮಾಸ್ಟರ್ ಬಂದರು. "ಭಾನುವಾರದಿಂದ ಕ್ವಾಯರಿಗೆ ಬಂದ್ಬಿಡಿ ಅಜ್ಜಿ."

"ಮೂರು ಚರಣಕ್ಕಾದ್ರೆ ಬರಲ್ಲ."

"ಎಷ್ಟಿದ್ರೆ ಅಷ್ಟೂ ಹಾಡೋಣ."

ಕ್ವಾಯರಿನಲ್ಲಿದ್ದವರು ಹದಿನಾರು. ಅವತ್ತು ಹಾಡುತ್ತಾ ಎಂಟನೇ ಚರಣ ತಲುಪಿದವರು ಬೆಂಚಿನ ಇಬ್ಬರು.