ಕೊಬ್ಬಿನ ರೆಕ್ಕೆ

"ಭಾನುವಾರ ಮಧ್ಯಾಹ್ನ ಎಲ್ಲರಿಗೂ ನಮ್ಮನೇಲಿ ಊಟ. ಹನ್ನೊಂದು ಜನಕ್ಕೂ ಸಾಲ್ಮನ್! ಅಂಗಡೀದಲ್ಲ, ನನ್ನ ಕೈಯಾರೆ ಹಿಡಿದದ್ದು!"

ಟೂರೆ ಈ ಘೋಷಣೆ ಮಾಡಿದ್ದು ಊರಿಗಿದ್ದ ಒಂದೇ ಒಂದು ದಿನಸಿ ಅಂಗಡಿಯಲ್ಲಿ, ಗುರುವಾರ ಬೆಳಿಗ್ಗೆ, ಹಾಲಿನ ಕಪಾಟಿನ ಮುಂದೆ ನಿಂತು. ಆಗ ಮೀನು ಇನ್ನೂ ಊರ ಪಕ್ಕದ ವೆನೆರ್ನ್ ಸರೋವರದಲ್ಲಿತ್ತು. ಹೆಂಡತಿಗೆ ಇನ್ನೂ ವಿಷಯ ಗೊತ್ತಿರಲಿಲ್ಲ. ಇವೆರಡರಲ್ಲಿ ಯಾವುದು ಹೆಚ್ಚು ಅಪಾಯ ಎಂದು ಯೋಚಿಸುವ ವ್ಯವಧಾನ ಆ ಮಹಾನುಭಾವನಿಗೆ ಇರಲಿಲ್ಲ.

ಶಾಲೆಯಲ್ಲಿ ಮರಗೆಲಸ ಕಲಿಸಿ ನಿವೃತ್ತನಾಗಿದ್ದ ಟೂರೆಗೆ ಅರವತ್ತೇಳು ವರ್ಷ. ಯಾರ ಹಂಗಿಗೂ ಬೀಳದ ಮನುಷ್ಯ. ಪಕ್ಕದ ಮನೆಯಿಂದ ಸುತ್ತಿಗೆ ತಂದರೆ ಹೊಸ ಹಿಡಿ ಹಾಕಿಯೇ ಹಿಂದಿರುಗಿಸುವವನು. ಯಾರಿಗಾದರೂ ಥ್ಯಾಂಕ್ಸ್ ಹೇಳಬೇಕಾಗಿ ಬಂದರೆ ಗಂಟಲಿಗೆ ಮುಳ್ಳು ಸಿಕ್ಕಿಕೊಂಡವನ ಹಾಗೆ ಕೆಮ್ಮು ಶುರುವಾಗುತ್ತಿತ್ತು. ಇಂಥವನ ಹೆಂಡತಿ ಸೋಲ್ವೇ ಜನವರಿಯ ಒಂದು ಬೆಳಿಗ್ಗೆ ಅಂಚೆಪೆಟ್ಟಿಗೆಯ ಮುಂದೆ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ಮನೆಗೆ ಬಂದಮೇಲೆ ಏಪ್ರಿಲ್‌ವರೆಗೂ ಊರುಗೋಲು. ಆ ಮೂರು ತಿಂಗಳು ಊರಿನವರು ಸಹಾಯ ಬೇಕೇ ಎಂದು ಟೂರೆಯನ್ನು ಕೇಳಲೇ ಇಲ್ಲ, ಮಾಡಿಯೇಬಿಟ್ಟರು! ಕುರಿ ಸಾಕುವ ಆರ್ವಿಡ್ ದಿನಾ ಬೆಳಿಗ್ಗೆ ಟ್ರ್ಯಾಕ್ಟರ್ ತಂದು ಅಂಗಳದ ಹಿಮ ತಳ್ಳಿ ಹೋದ. ಎದುರುಮನೆಯ ಎಬ್ಬಾ ಪ್ರತಿ ಗುರುವಾರ ಬಟಾಣಿ ಸಾರಿನ ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು ಹೋದಳು. ಯಾರೋ ಸೌದೆ ಒಡೆದರು, ಯಾರೋ ಔಷಧಿ ತಂದರು. ಮೊಟ್ಟೆ ಬೇಯಿಸುವುದೊಂದೇ ಗೊತ್ತಿದ್ದ ಟೂರೆ ಎಲ್ಲವನ್ನೂ ಕೆಮ್ಮುತ್ತಾ ಸ್ವೀಕರಿಸಿದ. ಹೀಗೆ ಕೈ ಹಚ್ಚಿದವರನ್ನು ಎಣಿಸಿದರೆ ಹನ್ನೊಂದು ಜನ.

"ಹನ್ನೊಂದು ಜನಾನಾ?" ಗುರುವಾರ ಮನೆಯಲ್ಲಿ ಊಟದ ವಿಷಯ ಕೇಳಿ ಸೋಲ್ವೇ ಹೆಣಿಗೆಯನ್ನು ಕೆಳಗಿಟ್ಟಳು. ಅವಳ ಹೆಸರು ಮಾತ್ರ ಸೋಲ್ವೇ; ನಲವತ್ತೊಂದು ವರ್ಷದ ಸಂಸಾರದಲ್ಲಿ ಮಾತಿನಲ್ಲಿ ಒಮ್ಮೆಯೂ ಸೋತವಳಲ್ಲ. "ಹೋದ ವರ್ಷ ಇಡೀ ಬೇಸಿಗೇಲಿ ಎಷ್ಟು ಸಾಲ್ಮನ್ ಹಿಡಿದೆ?"

"ಸಂಖ್ಯೆ ಮುಖ್ಯ ಅಲ್ಲ ಕಣೇ."

"ಸೊನ್ನೆಯೂ ಒಂದು ಸಂಖ್ಯೆ ತಾನೇ? ಅವರಿಗೆಲ್ಲ ಬಾಯಿ ಬಿಟ್ಟು ಒಂದು ಥ್ಯಾಂಕ್ಸ್ ಹೇಳಿದ್ರೆ ಸಾಕಿತ್ತು, ಟೂರೆ."

"ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ಮೀನು ಹೊಟ್ಟೆಗೆ ಹೋಗುತ್ತೆ!"

ಈ ಮಹಾವಾಕ್ಯದಿಂದ ತಾನೇ ರೋಮಾಂಚನಗೊಂಡ ಟೂರೆ ಗಾಳದ ಪೆಟ್ಟಿಗೆ ಹುಡುಕಲು ಹೊರಟ. ಹಿಂದಿನಿಂದ ಧ್ವನಿ ಬಂತು.

"ನಾನೂ ಬರ್ತೀನಿ. ಡಾಕ್ಟರು ಗಾಳಿ ಬೆಳಕು ಬೇಕು ಅಂದಿದ್ದಾರೆ."

"ದೋಣೀಲಿ ಅಂತ ಅಂದಿಲ್ಲ."

"ದೋಣೀಲಿ ಬೇಡ ಅಂತಲೂ ಅಂದಿಲ್ಲ."

ಶನಿವಾರ ಬೆಳಿಗ್ಗೆ ಆರಕ್ಕೆ ಟೂರೆಯ ಹಳೆಯ ಮರದ ದೋಣಿ ದಂಡಯಾತ್ರೆಗೆ ಹೊರಟಿತು. ಸೋಲ್ವೇ ಮೂರು ದಿಂಬುಗಳ ಮಧ್ಯೆ ಲೈಫ್ ಜಾಕೆಟ್ ತೊಟ್ಟು ಮಹಾರಾಣಿಯಂತೆ ಕುಳಿತಿದ್ದಳು. ಮೇ ತಿಂಗಳ ಸರೋವರ ಕಣ್ಣು ಹಾಯುವಷ್ಟು ದೂರ ಬೂದುಬಣ್ಣಕ್ಕೆ ಮಲಗಿತ್ತು. ಟೂರೆ ಎಂಟು ಗಾಳದ ಕೋಲುಗಳನ್ನು ಸಜ್ಜುಗೊಳಿಸಿದ. ಎಡಕ್ಕೊಂದು ಬಲಕ್ಕೊಂದು ಕೆಂಪು ಹಲಗೆಯನ್ನು ದಪ್ಪ ಹಗ್ಗ ಕಟ್ಟಿ ನೀರಿಗಿಳಿಸಿದ. ಅವು ದೋಣಿಯಿಂದ ಐವತ್ತು ಗಜ ದೂರ ಸರಿದು, ತಮ್ಮ ಜೊತೆ ಗಾಳದ ದಾರಗಳನ್ನೂ ಎಳೆದುಕೊಂಡು ಹೋದವು. ಎರಡೂ ಕೈ ಚಾಚಿ ಹಗ್ಗದ ಮೇಲೆ ನಡೆಯುವ ದೊಂಬರವನಂತೆ ಆ ಪುಟ್ಟ ದೋಣಿ ದುಗ್ ದುಗ್ ಎನ್ನುತ್ತಾ ಮುಂದೆ ಸಾಗಿತು. ಹಿಂದೆ ನೀರೊಳಗೆ ಎಂಟು ತಗಡಿನ ಮೀನುಗಳು ಮಿನುಗುತ್ತಾ ಬರುತ್ತಿದ್ದವು.

"ಇಷ್ಟು ನಿಧಾನವಾಗಿ ಹೋದರೆ ಮೀನಿಗೆ ಬೇಜಾರಾಗಲ್ವಾ?" ಎಂದಳು ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ್ದ ಸೋಲ್ವೇ.

"ಟ್ರೋಲಿಂಗ್ ಅಂದ್ರೆ ಇದೇ. ತಾಳ್ಮೆ ಬೇಕು, ವಿದ್ಯೆ ಬೇಕು..."

ಟರ್ರ್‌ರ್‌ರ್! ಬಲಗಡೆಯ ರೀಲು ಕಿರುಚಿತು. ವಿದ್ಯೆಯನ್ನು ಅರ್ಧಕ್ಕೇ ಬಿಟ್ಟು ಟೂರೆ ಕೋಲಿನ ಮೇಲೆ ಬಿದ್ದ. ಹತ್ತು ನಿಮಿಷದ ಹಗ್ಗಜಗ್ಗಾಟದ ನಂತರ ಬೆಳ್ಳಿಯಂಥ ಸಾಲ್ಮನ್ ದೋಣಿಯ ಪಕ್ಕಕ್ಕೆ ಬಂತು. ಟೂರೆ ಕೈಬಲೆ ಹಿಡಿದು ಬಾಗಿದ. ಮೀನು ಬಲೆಯೊಳಗೆ ಬಿತ್ತು. ಅದೇ ಗಳಿಗೆಯಲ್ಲಿ ಟೂರೆಯ ಮೂಗಿನ ಮೇಲಿದ್ದ ಕನ್ನಡಕ ನೀರೊಳಗೆ ಬಿತ್ತು. ಕೆಳಗೆ ನಲವತ್ತು ಮೀಟರ್ ಆಳ!

ಕನ್ನಡಕವಿಲ್ಲದ ಟೂರೆಗೆ ತನ್ನ ಅಂಗೈಯೇ ಬೇಯಿಸಿದ ಆಲೂಗಡ್ಡೆಯಂತೆ ಕಾಣುತ್ತದೆ. ಮನೆಯಲ್ಲಿ ಇನ್ನೊಂದು ಜೊತೆ ಇದೆ, ಸರಿ. ಆದರೆ ಈಗ?

"ಸೋಲ್ವೇ, ಬೇಗ ನೋಡು! ಬೆನ್ನಿನ ಕೊನೇಲಿ, ಬಾಲಕ್ಕೆ ಸ್ವಲ್ಪ ಮುಂಚೆ, ಹೆಬ್ಬೆರಳಿನ ಉಗುರಿನಷ್ಟು ಒಂದು ಪುಟಾಣಿ ರೆಕ್ಕೆ ಇದೆಯಾ?"

"ಯಾಕೆ?"

"ಅದಕ್ಕೆ ಕೊಬ್ಬಿನ ರೆಕ್ಕೆ ಅಂತಾರೆ. ತೊಟ್ಟಿಯಲ್ಲಿ ಸಾಕಿ ಬಿಟ್ಟ ಮೀನಿಗೆ ಮರಿಯಾಗಿದ್ದಾಗಲೇ ಅದನ್ನ ಕತ್ತರಿಸಿರ್ತಾರೆ. ಅಂಥದ್ದನ್ನ ಮನೆಗೆ ತಗೊಂಡು ಹೋಗಬಹುದು. ರೆಕ್ಕೆ ಇದ್ರೆ ಅದು ಕಾಡುಮೀನು, ವಾಪಸ್ ಬಿಡಬೇಕು. ಕಾನೂನು!"

"ಕೊಬ್ಬಿದ್ದರೆ ಮನೆಗೆ ತರೋ ಹಾಗಿಲ್ಲ, ಅಲ್ವಾ?" ಸೋಲ್ವೇ ದೋಣಿಯ ಅಂಚಿನ ಮೇಲೆ ಭಾರ ಹಾಕಿ ಬಗ್ಗಿ ನೋಡಿದಳು. "ನಲವತ್ತೊಂದು ವರ್ಷದ ಹಿಂದೆ ನಮ್ಮಪ್ಪನಿಗೆ ಈ ಕಾನೂನು ಗೊತ್ತಿರಬೇಕಿತ್ತು. ಇದೆ ಮಾರಾಯ, ರೆಕ್ಕೆ ಇದೆ."

ಟೂರೆ ಭಾರವಾದ ಎದೆಯಿಂದ ಬಲೆ ತಗ್ಗಿಸಿದ. ಮೀನು ಬಾಲ ಬೀಸಿ ಹೋಯಿತು.

ಎಂಟು ಗಂಟೆಗೆ ಒಂದು ಟ್ರೌಟ್ ಮೀನು ಬಂತು. "ಇದೆ," ಎಂದಳು ಸೋಲ್ವೇ. ಎಂಟೂವರೆಗೆ ಬಂದದ್ದಕ್ಕೆ ರೆಕ್ಕೆ ಇರಲಿಲ್ಲ! ಟೂರೆ ಕುಣಿದ. ದೋಣಿ ಅಲುಗಿತು. ಸೋಲ್ವೇ ಹೆಣಿಗೆಯ ಚೀಲದಿಂದ ಅಳತೆಪಟ್ಟಿ ತೆಗೆದು ಮೂತಿಯಿಂದ ಬಾಲದವರೆಗೆ ಹಿಡಿದಳು.

"ಐವತ್ತೆಂಟು."

"ಅರವತ್ತು ಸೆಂಟಿಮೀಟರ್ ಇರಬೇಕು! ಸ್ವಲ್ಪ ಎಳೆದು ನೋಡೇ!"

"ಮೀನನ್ನಾ, ಪಟ್ಟೀನಾ?"

ಅದೂ ಹೋಯಿತು. ನಾಲ್ಕನೆಯದು, ಐದನೆಯದು, ಎರಡೂ ಕಾಡುಮೀನು. ಹೋದ ವರ್ಷ ಒಂದನ್ನೂ ಕೊಡದ ಸರೋವರ ಇವತ್ತು ಕೈತುಂಬ ಕೊಡುತ್ತಿತ್ತು, ಕೊಟ್ಟದ್ದನ್ನೆಲ್ಲ ಕಿತ್ತುಕೊಳ್ಳುತ್ತಿತ್ತು! "ನಾನೇ ಮುಟ್ಟಿ ನೋಡ್ತೀನಿ," ಎಂದು ಟೂರೆ ಒಮ್ಮೆ ನೀರಿಗೆ ಕೈ ಹಾಕಿದ. ಆ ಕೊರೆಯುವ ನೀರಿನಲ್ಲಿ ಬೆರಳುಗಳು ಆಗಲೇ ಮರಗಟ್ಟಿದ್ದವು. ಬಹಳ ಹೊತ್ತು ತಡವಿದ ಮೇಲೆ ತಾನು ಪರೀಕ್ಷಿಸುತ್ತಿದ್ದುದು ಬಲೆಯ ಹಿಡಿಯನ್ನು ಎಂದು ಗೊತ್ತಾಯಿತು.

ಹತ್ತು ಗಂಟೆ ದಾಟಿದ ಮೇಲೆ ಆರನೆಯದು ಬಂತು. ಬಂತು ಎನ್ನುವುದಕ್ಕಿಂತ ಟೂರೆಯನ್ನೇ ಕರೆದುಕೊಂಡು ಹೋಗಲು ನೋಡಿತು. ಕೋಲು ಬಿಲ್ಲಾಯಿತು, ಟೂರೆ ಬೆವರಿದ, ಬೈದ, ಬೇಡಿಕೊಂಡ. ಅರ್ಧ ಗಂಟೆಯ ಮೇಲೆ ಬಲೆಯೊಳಗೆ ಏನೋ ಒಂದು ದೊಡ್ಡ ಬೆಳ್ಳಗಿನ ಮಸುಕು ತುಂಬಿಕೊಂಡಿತು. ಎರಡು ಕೈಯಲ್ಲಿ ಹಿಡಿದರೂ ಬಲೆ ಏಳಲೊಲ್ಲದು. ಹನ್ನೊಂದು ಜನ ಉಂಡು ಮಿಕ್ಕುವ ಮೀನು!

"ಸೋಲ್ವೇ! ಹೇಳು!"

ಸೋಲ್ವೇ ಬಗ್ಗಿದಳು. ಬಲೆಯೊಳಗೇ ನೋಡುತ್ತಾ ಹಾಗೇ ಉಳಿದಳು.

"ಇದೆಯೋ ಇಲ್ಲವೋ ಹೇಳೇ! ಕೈ ಬಿದ್ದು ಹೋಗ್ತಿದೆ!"

"ತಾಳು ಮಾರಾಯ, ನೋಡ್ತಿದೀನಿ." ಇನ್ನೂ ಸ್ವಲ್ಪ ಹೊತ್ತು ನೋಡಿದಳು. "ಇದೆ."

"ಸರಿಯಾಗಿ ನೋಡಿದೆಯಾ?"

"ನನ್ನ ಕನ್ನಡಕ ಮೂಗಿನ ಮೇಲಿದೆ. ನಿನ್ನದು ಎಲ್ಲಿದೆ?"

ಟೂರೆ ಬಲೆ ತಗ್ಗಿಸಿದ. ಆ ಭಾರ ಒಂದು ಕ್ಷಣ ನಿಂತಿದ್ದು ಮೆಲ್ಲಗೆ ಕೆಳಗಿಳಿದು ಹೋದದ್ದು ಅವನ ಮೊಣಕೈಗೆ ಗೊತ್ತಾಯಿತು.

ಅಷ್ಟರಲ್ಲಿ ಏಳನೆಯ ಸಲ ರೀಲು ಕಿರುಚಿತು. ಟೂರೆ ಹುಚ್ಚನಂತೆ ಎದ್ದ. "ನಾನು ಇದನ್ನ ಹಿಡ್ಕೋತೀನಿ, ನೀನು ಚುಕ್ಕಾಣಿ ಹಿಡಿ! ಸ್ವಲ್ಪ ಎಡಕ್ಕೆ ತಿರುಗಿಸು!"

'ಸ್ವಲ್ಪ' ಎಂಬುದಕ್ಕೆ ದೋಣಿಯವರ ಅರ್ಥ ಬೇರೆ, ಬಸ್ಸಿನವರ ಅರ್ಥ ಬೇರೆ. ಸೋಲ್ವೇ ನಲವತ್ತು ಮಕ್ಕಳಿರುವ ಬಸ್ಸನ್ನು ಶಾಲೆಯ ಗೇಟಿನೊಳಗೆ ತಿರುಗಿಸುವ ಗತ್ತಿನಲ್ಲಿ ಚುಕ್ಕಾಣಿಯನ್ನು ಪೂರ್ತಿ ತಿರುಗಿಸಿಬಿಟ್ಟಳು! ದೋಣಿ ಗಿರ್ರನೆ ತನ್ನ ಬಾಲದತ್ತಲೇ ಹೊರಳಿತು. ಎಡದ ಹಲಗೆ ಬಲಕ್ಕೆ ಬಂತು, ಬಲದ್ದು ಎಡಕ್ಕೆ ಹೋಯಿತು, ಎಂಟು ದಾರಗಳೂ ಜಡೆ ಹೆಣೆದುಕೊಂಡವು. ಹಲಗೆಯ ದಪ್ಪ ಹಗ್ಗ ದೋಣಿಯ ಕೆಳಗೆ ಹೋಗಿ ಪ್ರೊಪೆಲ್ಲರಿಗೆ ಸುತ್ತಿಕೊಂಡಿತು. ಎಂಜಿನ್ ಒಮ್ಮೆ ಬಿಕ್ಕಳಿಸಿ ನಿಂತಿತು. ಏಳನೆಯ ಮೀನು ಈ ಗಲಾಟೆಯಲ್ಲಿ ಬಿಡಿಸಿಕೊಂಡು ಹೋಯಿತು. ಅದಕ್ಕೆ ರೆಕ್ಕೆ ಇತ್ತೋ ಇಲ್ಲವೋ ದೇವರಿಗೇ ಗೊತ್ತು.

"ಎಡಕ್ಕೆ ಅಂದೆ. ಎಡಕ್ಕೇ ತಿರುಗಿಸಿದ್ದೀನಿ," ಎಂದಳು ಸೋಲ್ವೇ.

ದೋಣಿ ಮೆಲ್ಲಗೆ ಬಂಡೆಗಳ ಕಡೆಗೆ ತೇಲತೊಡಗಿತು. ಟೂರೆ ಲಂಗರು ಇಳಿಸಿದ. ಇನ್ನು ಯಾರನ್ನಾದರೂ ಕರೆಯಲೇಬೇಕು.

"ಆರ್ವಿಡ್‌ನ ಮಾತ್ರ ಕರೀಬೇಡ! ಅವನ ಹಿಮದ ಋಣವೇ ತೀರಿಲ್ಲ. ಬೇರೆ ಯಾರನ್ನಾದರೂ..."

"ಹಲೋ ಆರ್ವಿಡ್? ನಾನು ಸೋಲ್ವೇ. ಇಲ್ಲ ಇಲ್ಲ, ಯಾರಿಗೂ ಏನೂ ಆಗಿಲ್ಲ. ಟೂರೆಯ ಮರ್ಯಾದೆಗೆ ಮಾತ್ರ."

ಮುಕ್ಕಾಲು ಗಂಟೆಯಲ್ಲಿ ಆರ್ವಿಡ್ ತನ್ನ ದೋಣಿಯಲ್ಲಿ ಬಂದ. ಕುರಿಮನೆಯ ಬೂಟಿನಲ್ಲೇ ಬಂದಿದ್ದ. ಜಡೆಗಟ್ಟಿದ ದಾರಗಳನ್ನು, ಟೂರೆಯ ಬರಿಗಣ್ಣನ್ನು, ದಿಂಬುಗಳ ಮಧ್ಯೆ ಕುಳಿತ ಸೋಲ್ವೇಯನ್ನು ಒಂದು ಸುತ್ತು ನೋಡಿದ. ಎಳೆಯುವ ಹಗ್ಗ ಎಸೆಯುವ ಮೊದಲು ಕಾಫಿಯ ಫ್ಲಾಸ್ಕನ್ನೂ ದಾಲ್ಚಿನ್ನಿ ಬನ್ನುಗಳ ಪೊಟ್ಟಣವನ್ನೂ ಕೈಗೆ ಕೊಟ್ಟ.

"ಮೀನು ಸಿಕ್ಕಿತಾ?"

"ಆರು," ಎಂದ ಟೂರೆ.

"ಎಲ್ಲಿ?"

"ಅಲ್ಲಿ." ಟೂರೆ ನೀರಿನತ್ತ ಕೈ ತೋರಿಸಿದ.

"ಹೂಂ. ಇದ್ದ ಜಾಗದಲ್ಲೇ ಇದ್ದಾವೆ ಬಿಡು," ಎಂದು ಆರ್ವಿಡ್ ಹಗ್ಗ ಬಿಗಿದ.

ಭಾನುವಾರ ಒಂದು ಗಂಟೆಗೆ ಟೂರೆ ಹಳೆಯ ಕನ್ನಡಕ ಹಾಕಿಕೊಂಡು, ಗಲ್ಲಿಗೆ ಹೋಗುವವನ ಮುಖದಲ್ಲಿ ಬಾಗಿಲು ತೆರೆದ. ಒಲೆಯ ಮೇಲೆ ಆಲೂಗಡ್ಡೆ ಬೇಯುತ್ತಿತ್ತು. ಸಬ್ಬಸಿಗೆ ಸೊಪ್ಪು ಹೆಚ್ಚಿಟ್ಟಿತ್ತು. ಆ ಸೊಪ್ಪು ಉದುರಿಸಲು ಮನೆಯಲ್ಲಿ ಮೀನಿನ ಹೊರತು ಎಲ್ಲವೂ ಇತ್ತು. ಮೆಟ್ಟಿಲ ಮೇಲೆ ಹನ್ನೊಂದು ಜನ ನಿಂತಿದ್ದರು. ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ ತಪ್ಪೊಪ್ಪಿಗೆಗೆ ಟೂರೆ ಬಾಯಿ ತೆರೆದವನು ಹಾಗೇ ನಿಂತ. ಒಬ್ಬೊಬ್ಬರ ಕೈಯಲ್ಲೂ ಬಟ್ಟೆ ಮುಚ್ಚಿದ ಪಾತ್ರೆ! ಆರ್ವಿಡ್‌ನ ಕಂಕುಳಲ್ಲಿ ಇಡೀ ಕುರಿತೊಡೆ. ಎಬ್ಬಾಳ ಕೈಯಲ್ಲಿ ಹೊಗೆಯಲ್ಲಿ ಬಾಡಿಸಿದ ಮೀನು. ಉಳಿದವರ ಹತ್ತಿರ ಮಾಂಸದುಂಡೆ, ಮೂರು ಬಗೆಯ ಹೆರ್ರಿಂಗ್ ಮೀನಿನ ಉಪ್ಪಿನಕಾಯಿ, ಒಂದು ದೊಡ್ಡ ಕೇಕು.

"ಇದೆಲ್ಲ ಯಾಕೆ ತಂದ್ರಿ? ಊಟ ನಮ್ಮದು ಅಂದಿದ್ದೆನಲ್ಲ!"

"ನೀನೇ ಮೀನು ಹಿಡೀತೀನಿ ಅಂದೆಯಲ್ಲ ಟೂರೆ, ಅದಕ್ಕೇ ತಂದ್ವಿ," ಎಂದಳು ಎಬ್ಬಾ. "ಗುರುವಾರ ನೀನು ಅಂಗಡಿ ಬಾಗಿಲು ದಾಟಿದ ಕೂಡ್ಲೇ ಯಾರು ಏನು ತರೋದು ಅಂತ ಹಂಚಿಕೊಂಡ್ವಿ."

ನಗು ಮೆಟ್ಟಿಲಿನಿಂದ ಅಡುಗೆಮನೆಯವರೆಗೂ ಹರಿಯಿತು. ಎಲ್ಲರೂ ಕುಳಿತರು. ತಟ್ಟೆಗಳು ತುಂಬಿದವು. ಟೂರೆ ಎದ್ದು ನಿಂತ. ಕೆಮ್ಮಿದ. ಮತ್ತೊಮ್ಮೆ ಕೆಮ್ಮಿದ. ಮೇಜಿನಾಚೆ ಸೋಲ್ವೇ ಊರುಗೋಲಿಲ್ಲದೆ ಕುಳಿತು ಆಲೂಗಡ್ಡೆ ಬಡಿಸುತ್ತಿದ್ದಳು. ಜನವರಿಯಲ್ಲಿ ಅವಳು ಹೀಗೆ ಕೂರುತ್ತಾಳೆ ಎಂದು ಯಾರಾದರೂ ಅಂದಿದ್ದರೆ ಅವನು ನಂಬುತ್ತಿರಲಿಲ್ಲ.

"ಥ್ಯಾಂಕ್ಸ್," ಎಂದ ಟೂರೆ. "ಹಿಮಕ್ಕೆ. ಸಾರಿಗೆ. ಸೌದೆಗೆ. ನಿನ್ನೆಯ ಹಗ್ಗಕ್ಕೆ. ಎಲ್ಲದಕ್ಕೂ."

ಎಬ್ಬಾ ಕೈಚೌಕದಲ್ಲಿ ಮೂಗೊರೆಸಿಕೊಂಡಳು.

"ಆಯ್ತು, ಕೂತ್ಕೋ ಮಾರಾಯ," ಎಂದ ಆರ್ವಿಡ್. "ಆಲೂಗಡ್ಡೆ ಆರಿಹೋಗುತ್ತೆ."

ಸಂಜೆ ಎಲ್ಲರೂ ಹೋದ ಮೇಲೆ ಸೋಲ್ವೇ ಪಾತ್ರೆ ತೊಳೆದಳು, ಟೂರೆ ಒರೆಸಿದ. ಮೂರು ದಿನಕ್ಕಾಗುವಷ್ಟು ಕುರಿಮಾಂಸ ಮಿಕ್ಕಿತ್ತು. ಹೊಟ್ಟೆ ತುಂಬಿತ್ತು, ಮನಸ್ಸೂ ಹಗುರವಾಗಿತ್ತು. ಅಂಥ ಹೊತ್ತು ನೋಡಿಯೇ ಸೋಲ್ವೇ ಬಾಯಿ ತೆಗೆದಳು.

"ಟೂರೆ, ನಿನ್ನೆ ಆ ದೊಡ್ಡ ಮೀನು..."

"ಹೂಂ?"

"ಅದಕ್ಕೆ ರೆಕ್ಕೆ ಇರಲಿಲ್ಲ."

ಟೂರೆಯ ಕೈಯಲ್ಲಿದ್ದ ತಟ್ಟೆ ನಿಂತಿತು. "ಇರಲಿಲ್ಲವಾ? ಹನ್ನೊಂದು ಜನರ ಊಟ! ನನ್ನ ಮಾನ! ಸುಳ್ಳು ಹೇಳಿದೆಯಾ?"

"ಹೇಳಿದೆ." ಸೋಲ್ವೇ ನಲ್ಲಿ ನಿಲ್ಲಿಸಿದಳು. "ಆಪರೇಷನ್ ಆಗಿ ನಾನು ಕಣ್ಣು ಬಿಟ್ಟಾಗ ಮೊದಲು ಕಂಡದ್ದು ನಿನ್ನ ಮುಖ. ಬಾಯಿ ಅರ್ಧ ತೆರೆದು, ಕಣ್ಣು ಮಿಟುಕಿಸದೆ, ಉಸಿರಾಡೋದೇ ಮರೆತ ಹಾಗೆ ನನ್ನನ್ನೇ ನೋಡ್ತಿದ್ದೆ. ಬಲೆಯೊಳಗಿಂದ ಅದೂ ಹಾಗೇ ನೋಡಿತು ಕಣೋ. ಅದೇ ಮುಖ! ಆ ಮುಖದ ಮೇಲೆ ಸಬ್ಬಸಿಗೆ ಉದುರಿಸೋಕೆ ನನ್ನಿಂದ ಆಗಲಿಲ್ಲ."

ಟೂರೆ ತಟ್ಟೆ ಹಿಡಿದು ಅವಳನ್ನೇ ನೋಡಿದ. ಬಾಯಿ ಅರ್ಧ ತೆರೆದೇ ಇತ್ತು.

"ಅಂದ್ರೆ ನಾನು ಥೇಟ್ ಮೀನಿನ ಹಾಗೇ ಕಾಣ್ತೀನಿ ಅಂತ."

"ಒಂದೇ ವ್ಯತ್ಯಾಸ," ಎಂದಳು ಸೋಲ್ವೇ, ಮುಂದಿನ ತಟ್ಟೆಯನ್ನು ಅವನ ಕೈಗಿಡುತ್ತಾ. "ಅದು ಬಿಟ್ಟ ಕೂಡ್ಲೇ ಹೊರಟುಹೋಯ್ತು. ನಿನ್ನನ್ನ ನರ್ಸು ಮೂರು ಸಲ ಮನೆಗೆ ಓಡಿಸಿದ್ರೂ ನೀನು ಹೋಗಲಿಲ್ಲ."