ಹರಕೆ ಕಾಯಿಯ ತೂಕ

ಆವತ್ತು ಬೆಳಗಿನ ಹೊತ್ತು ಜಕ್ಕೂರು ಕೆರೆಯ ಮೇಲೆ ಮಂಜು, ಕಾಸಿದ ಹಾಲಿನ ಕೆನೆಯ ಹಾಗೆ ಕಟ್ಟಿತ್ತು. ದೇವರು ಕೊಟ್ಟ ಅಂಥ ತಂಪಿನಲ್ಲೂ ಅರವತ್ತೆಂಟರ ಬ್ಯಾಟರಾಯಪ್ಪ ಬೆವರುತ್ತ, ಖಾದರ್ ಬಾಷಾನ ತರಕಾರಿ ಅಂಗಡಿಯ ತಕ್ಕಡಿಯ ಮೇಲೆ ತನ್ನ ಬ್ಯಾಗು ಇಟ್ಟು ನಿಂತಿದ್ದ.

ಎರಡು ದಿನದ ಬೆಟ್ಟದ ನಡಿಗೆಗೆ ಕರೆದೊಯ್ಯುವ ಶಿವಪ್ರಕಾಶನದು ಒಂದೇ ನಿಯಮ. ಅರವತ್ತು ದಾಟಿದವರ ಬ್ಯಾಗು ಆರು ಕೆ.ಜಿ. ಮೀರಿದರೆ, ಬ್ಯಾಗೂ ಅದರ ಒಡೆಯನೂ ಅಡುಗೆ ಪಾತ್ರೆಗಳ ಜೊತೆ ಜೀಪಿನಲ್ಲಿ. ಹೋದ ವರ್ಷ ಬ್ಯಾಟರಾಯಪ್ಪ ಸಾಂಬಾರಿನ ಕೊಳಗ ತಬ್ಬಿಕೊಂಡೇ ಬೆಟ್ಟ ಹತ್ತಿದ್ದ. ಈ ಸಲ ನಡೆದೇ ಹೋಗಿ ಬೆಟ್ಟದ ತುದಿಯ ಬಸವಣ್ಣನ ಮುಂದೆ ನಿಲ್ಲಬೇಕೆಂಬ ಹಠ.

"ಆರು ಕೆ.ಜಿ. ಹತ್ತು ಗ್ರಾಂ," ಅಂದ ಖಾದರ್ ಬಾಷಾ.

ಬ್ಯಾಟರಾಯಪ್ಪ ಹಲ್ಲುಜ್ಜುವ ಬ್ರಶ್ ತೆಗೆದು, ಅಂಗಡಿಯ ಚಾಕುವಿನಲ್ಲಿ ಅದರ ಹಿಡಿ ಕತ್ತರಿಸಿದ. "ಈಗ?"

"ಆರಕ್ಕೆ ಆರು! ಗಾಳಿಪಟ ಆಗ್ಬಿಟ್ರಿ ಅಣ್ಣಾ!"

ಅಷ್ಟರಲ್ಲಿ ಎದುರುಮನೆ ಮುನಿಯಲ್ಲಮ್ಮ ತೆಂಗಿನಕಾಯಿ ಹಿಡಿದು ಬಂದಳು. "ಎಂಗೂ ಓಯ್ತಿದ್ದೀಯಲ್ಲಣ್ಣ, ಬಸವಣ್ಣಂಗೆ ನಂದೊಂದು ಕಾಯಿ ಒಡ್ಸಿಬಿಡು. ಅರಕೆ ಐತೆ."

"ಏನ್ ಹರಕೆ ಅಕ್ಕಾ?"

"ಬಾಯ್ಬಿಟ್ರೆ ಫಲಿಸಾಕಿಲ್ಲ."

ಇನ್ನೊಬ್ಬರ ಹರಕೆ ಕಾಯಿ ಬೇಡವೆಂದರೆ ಆ ಋಣ ನಮ್ಮ ತಲೆಗೆ ಅಂತ ಅವನವ್ವ ಹೇಳುತ್ತಿದ್ದಳು. ಕಾಯಿ ಒಳಗೆ ಹೋಯಿತು, ಸ್ವೆಟರ್ ಹೊರಗೆ ಬಂತು. ಪಕ್ಕದ ಧನಲಕ್ಷ್ಮಿಯ ಕಾಯಿಗಾಗಿ ಅವಲಕ್ಕಿ ಡಬ್ಬಿ ಇಳಿಯಿತು. ವಿರೂಪಾಕ್ಷ ಮೇಷ್ಟ್ರಂತೂ ಜೋಡಿಕಾಯಿಯನ್ನೇ ತಂದರು. ತೆಗೆಯಲು ಇನ್ನುಳಿದದ್ದು ಕಂಬಳಿ ಮಾತ್ರ.

"ಮೇಷ್ಟ್ರೇ, ರಾತ್ರಿ ಚಳೀಲಿ ಏನ್ ಹೊದ್ಕೊಳ್ಳಿ?"

"ಭಕ್ತಿ ಹೊದ್ಕೊಳ್ರೀ. ಅದಕ್ಕೆ ತೂಕ ಇಲ್ಲ."

ಬಸ್ಸಿನ ಹತ್ತಿರ ಶಿವಪ್ರಕಾಶ ಬ್ಯಾಗನ್ನು ಕೊಕ್ಕೆ ತಕ್ಕಡಿಗೆ ತೂಗುಹಾಕಿ ನೋಡಿದ. "ಆರೇ! ನೋಡಿ ಕಲೀರಪ್ಪಾ!" ಎಂದು ಬ್ಯಾಟರಾಯಪ್ಪನ ಕೈಯನ್ನು ಗೆದ್ದ ಪೈಲ್ವಾನನದೆಂಬಂತೆ ಮೇಲೆತ್ತಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಬ್ಯಾಟರಾಯಪ್ಪನ ಎದೆ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿತು.

ಆಗ ಸ್ಕೂಟರಿನಲ್ಲಿ ಖಾದರ್ ಬಾಷಾ ಬಂದ. ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ಸ್ವೆಟರ್, ಕೈಯಲ್ಲಿ ಡಬ್ಬಿ. "ಅಣ್ಣಾ, ಎಲ್ಲಾ ಅಂಗಡೀಲೇ ಬಿಟ್ಬಂದ್ರಲ್ಲ! ಚಳೀಲಿ ಸತ್ತೋಗ್ತೀರಾ!"

"ಕಂಬಳಿ ಇಲ್ದೆ ಹೊರಟಿದ್ರಾ?" ಶಿವಪ್ರಕಾಶ ಎಲ್ಲವನ್ನೂ ತುಂಬಿಸಿ ಮತ್ತೆ ತೂಗಿದ. ಎಂಟೂವರೆ ಹತ್ತಿರ.

"ಕಾಯಿ ಜೀಪಲ್ಲಿ ಬರ್ಲಿ ಸ್ವಾಮಿ, ನಾನು ನಡೀತೀನಿ..."

"ಬ್ಯಾಗ್ ಎಲ್ಲೋ ಒಡೆಯನೂ ಅಲ್ಲೇ."

ಸಾಂಬಾರಿನ ಕೊಳಗ ಹಳೆಯ ಗೆಳೆಯನಂತೆ ಜೀಪಿನಲ್ಲಿ ಕಾದಿತ್ತು. ಬ್ಯಾಟರಾಯಪ್ಪ ಅದರ ಪಕ್ಕ ಕೂತು ಖಾದರ್ ಬಾಷಾನನ್ನು ಕೇಳಿದ: "ಅಲ್ಲಪ್ಪಾ, ಎಲ್ರಿಗೂ ಇವತ್ತೇ ಎಂಥಾ ಹರಕೆ ಬಂತು?"

"ಕಾಯೆಲ್ಲಾ ನನ್ನ ಅಂಗಡೀಲೇ ತಗೊಂಡ್ರು, ಅದಕ್ಕೇ ಗೊತ್ತು," ಖಾದರ್ ಬಾಷಾ ದನಿ ತಗ್ಗಿಸಿದ. "ನಾಲ್ಕಕ್ಕೂ ಒಂದೇ ಹರಕೆ ಅಣ್ಣಾ. ಈ ಸಲನಾದ್ರೂ ನೀವು ಜೀಪ್ ಹತ್ದೆ, ನಡ್ಕೊಂಡೇ ಬೆಟ್ಟ ಹತ್ಬೇಕು ಅಂತ."

ಬ್ಯಾಟರಾಯಪ್ಪನಿಗೆ ಅಳುವ ಮೊದಲೇ ನಗು ಬಂತು. ಕೊಳಗವನ್ನು ತಬ್ಬಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಜೀಪು ಹೊರಡುವಾಗ ಖಾದರ್ ಬಾಷಾ ಜೇಬಿಗೆ ಕೈ ಹಾಕಿ, ಬ್ರಶ್ಶಿನ ಆ ಕತ್ತರಿಸಿದ ಹಿಡಿಯನ್ನು ಸದ್ದಿಲ್ಲದೆ ಅವನ ಅಂಗೈಯಲ್ಲಿ ಇಟ್ಟ.